ಬಣ್ಣ ಬದಲಿಸುವ ಸಾಹುಕಾರರು

ಬಾಳೂರು ಹೋಬಳಿಯಲ್ಲಿ ಇಂಥ ಸಾಹುಕಾರರೊಬ್ಬರು ಹುಡುಕಿದರೆ ಸಿಕ್ಕೇ ಸಿಗುತ್ತಾರೆ. ಹದಿನೈದಿಪ್ಪತ್ತು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಹಳೇ ಗೋಡೌನಿನ ಮೂಲೆಯಲ್ಲಿ ಒಂದು ಈಸೆಲ್. ಹೋದ ವರ್ಷ ಜಲವರ್ಣ ಎನ್ನುತ್ತಿದ್ದವರು ಈ ವರ್ಷ ತೈಲವರ್ಣ ಎನ್ನುತ್ತಾರೆ. ಅಷ್ಟರಲ್ಲಿ ಅಕ್ರಿಲಿಕ್ ಟ್ಯೂಬುಗಳು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಹೊರಟಾಗಿರುತ್ತವೆ. ನಡುವೆ ಪೇಸ್ಟಲ್, ಇದ್ದಿಲು, ಇಂಡಿಯನ್ ಇಂಕು. ಊರಿನವರ ತೀರ್ಪು ಹ್ಯಾಂಡ್‌ಪೋಸ್ಟಿನ ಹೋಟೆಲಿನಲ್ಲಿ ಯಾವತ್ತೋ ಆಗಿಹೋಗಿದೆ: ಇವರು ಒಂದರಲ್ಲೂ ನಿಲ್ಲುವವರಲ್ಲ, ಸಾಹಿತಿ ಪೂರ್ಣಚಂದ್ರ ತೇಜಸ್ವಿ ಆಗಲು ಹೊರಟಿದ್ದಾರೆ. ಈ ತೀರ್ಪಿಗೆ ನನ್ನ ಒಪ್ಪಿಗೆಯಿಲ್ಲ. ಇಲ್ಲಿ ಚಂಚಲವಾದದ್ದೇನಾದರೂ ಇದ್ದರೆ ಅದು ಹವೆ. ಈ ಊರಲ್ಲಿ ವರ್ಷವಿಡೀ ಒಂದೇ ಬಣ್ಣದ ಡಬ್ಬಿ ಹಿಡಿದು ಕೂರುವವರ ತಲೆಯ ಬಗ್ಗೆಯೇ ನಾವು ಚಿಂತಿಸಬೇಕು.

ಜಲವರ್ಣವನ್ನೇ ತೆಗೆದುಕೊಳ್ಳಿ. ಕಾಗದದ ಮೇಲಿನ ನೀರು ಆರಿದರೆ ತಾನೇ ಬಣ್ಣ ನಿಲ್ಲುವುದು? ಆಷಾಢದಲ್ಲಿ ಇಲ್ಲಿ ಗಾಳಿಯೇ ಅರ್ಧ ನೀರು. ಬೆಳಿಗ್ಗೆ ಬಳಿದ ಆಕಾಶ ಸಂಜೆಯ ಹೊತ್ತಿಗೆ ಬಲ್ಲಾಳರಾಯನ ದುರ್ಗದ ತುದಿಯಿಂದ ಇಳಿದು, ಸಿಲ್ವರ್ ಓಕ್ ಮರಗಳನ್ನೆಲ್ಲ ನುಂಗಿ, ಕಾಗದದ ಕೆಳಗಂಚಿನಲ್ಲಿ ನಿಂತಿರುತ್ತದೆ. ನೋಡಿದವರು ‘ಮಂಜು ಚೆನ್ನಾಗಿ ಬಂದಿದೆ’ ಎನ್ನುತ್ತಾರೆ. ಸಾಹುಕಾರರು ಅವರನ್ನು ತಿದ್ದಲು ಹೋಗುವುದಿಲ್ಲ. ಎಣ್ಣೆಬಣ್ಣಕ್ಕೆ ಹೋದದ್ದು ಈ ಕಾಟಕ್ಕೇ. ಅಗಸೆ ಎಣ್ಣೆ ನೀರಿನಂತೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು ಎಂದು ಅವರು ಓದಿದ್ದರು. ಓದಿದ್ದು ಸರಿಯೇ. ಆದರೆ ಅದಕ್ಕೆ ದಿನಗಟ್ಟಲೆ, ದಪ್ಪಗೆ ಬಳಿದರೆ ತಿಂಗಳುಗಟ್ಟಲೆ ಬೇಕು; ಅಷ್ಟರಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿದಾಗಿರುತ್ತದೆ. ಗಿಡದ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಸುವ ಮನುಷ್ಯರಿಗೆ ಚಿತ್ರದ ಕೊಳೆರೋಗಕ್ಕೆ ಮದ್ದು ಗೊತ್ತಿಲ್ಲ. (ಆ ಬೋರ್ಡೋದ ನೀಲಿಯ ಮೇಲೂ ಅವರಿಗೆ ಕಣ್ಣಿದೆ. ಮನೆಯವರು ಇನ್ನೂ ಡ್ರಮ್ಮಿನ ಹತ್ತಿರ ಬಿಟ್ಟಿಲ್ಲ.) ಹೂಮಳೆಗೆ ಆಕಾಶ ನೋಡುವ ಮಾರ್ಚಿನಲ್ಲಿ ಅಕ್ರಿಲಿಕ್ ಹಿಡಿದರೆ, ಹಸಿರಿಗೆ ಹಳದಿ ಬೆರೆಸುವಷ್ಟರಲ್ಲಿ ತಟ್ಟೆಯ ಮೇಲೇ ಪ್ಲಾಸ್ಟಿಕ್ ಆಗಿ ಕೂರುತ್ತದೆ. ಮಳೆಗೂ ಬಿಸಿಲಿಗೂ ಜಗ್ಗದ್ದು ಇದ್ದಿಲೊಂದೇ. ಆದರೆ ಕಾಫಿ ಹಣ್ಣಿನ ಕೆಂಪನ್ನು ಇದ್ದಿಲಿನಲ್ಲಿ ಬರೆಯಿರಿ ಎಂದು ಯಾವ ಬೆಳೆಗಾರರಿಗೆ ಹೇಳಲಾದೀತು? ಹೀಗೆ ಸುತ್ತಿ ಸುತ್ತಿ ಅವರು ಬಂದು ನಿಂತದ್ದು ಡಿಕಾಕ್ಷನ್ನಿಗೆ. ತೆಳ್ಳಗೆ ಬಳಿದರೆ ಜೇನಿನ ಬಣ್ಣ, ಒಣಗಿದ ಮೇಲೆ ಮತ್ತೆ ಮತ್ತೆ ಬಳಿದರೆ ಕಡುಕಂದು. ಆಸೆಬಿದ್ದು ಗಟ್ಟಿಯಾಗಿ ಬಳಿದ ಕಡೆ ಮಾತ್ರ ಜೂನ್ ಬಂದೊಡನೆ ತೇವ ಎಳೆದು ಅಂಟಂಟು. ಬಣ್ಣಕ್ಕೆ ಖರ್ಚೇ ಇಲ್ಲ ಎಂಬುದು ಅವರ ಲೆಕ್ಕ. ಬೆಳಗಿನ ಫಿಲ್ಟರ್ ಬರಿದಾದದ್ದನ್ನು ನೋಡಿದ ಮನೆಯವರ ಲೆಕ್ಕ ಬೇರೆಯೇ ಇದೆ.

ದೊಡ್ಡ ಕಲಾವಿದರು ಹೀಗೆ ಅಲೆದಾಡಲಿಲ್ಲವಲ್ಲ ಎನ್ನಬಹುದು. ಕೆ. ವೆಂಕಟಪ್ಪನವರನ್ನು (1886–1965) ಏನು ಮಾಡುತ್ತೀರಿ? ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರೇ ದಂತದ ಮೇಲೂ ಬರೆದರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿದರು, ಸಾಲದ್ದಕ್ಕೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಅವರು ಮುಟ್ಟಿದ್ದನ್ನೆಲ್ಲ ಪಳಗಿಸಿಕೊಂಡರು, ಇವರು ಬರೀ ಮುಟ್ಟುತ್ತಾರೆ ಎಂದರೆ, ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ವೆಂಕಟಪ್ಪನವರು ಬ್ರಹ್ಮಚಾರಿ, ಅವರಿಗೆ ಶನಿವಾರದ ಬಟವಾಡೆಯ ಚಿಂತೆ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಸಾಗರ, ಸೊರಬದ ಕಡೆಯಿಂದ ಬರುತ್ತದೆ. ಅಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿಹಿಟ್ಟು, ಕಪ್ಪಗೆ ಹುರಿದ ಅಕ್ಕಿ, ಗುರಿಗೆ ಕಾಯಿ ಇಷ್ಟರಲ್ಲೇ, ಪುಂಡಿನಾರಿನ ಕುಂಚ ಹಿಡಿದು, ಹಸೆ ಚಿತ್ತಾರ ಬರೆದು ಮುಗಿಸುತ್ತಾರೆ. ಅದೂ ಮಲೆನಾಡೇ, ಅಲ್ಲೂ ಮಳೆಯೇ. ಕೊರಿಯರ್ ಮಾತ್ರ ಬೇಕಾಗಲಿಲ್ಲ. ಒಪ್ಪಿದೆ. ಆದರೆ ಹಸೆ ಗೋಡೆಗೇರುವುದು ಮದುವೆಗೆ, ಮತ್ತು ಆಷಾಢದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ಹೆಣ್ಣುಮಕ್ಕಳು ಬಣ್ಣಕ್ಕೆ ತಕ್ಕ ಕಾಲದಲ್ಲಿ ಬರೆಯುತ್ತಾರೆ. ಸಾಹುಕಾರರಿಗೆ ಒಣಗಾಲವೆಂದರೆ ಹಣ್ಣು ಕುಯ್ಲು, ಕಣ, ಗೊಬ್ಬರ, ನೀರು ಹಾಯಿಸುವುದು. ಕೈ ಬಿಡುವಾಗುವುದೇ ಕರೆಂಟೂ ಇಲ್ಲದ ಜಡಿಮಳೆಯಲ್ಲಿ.

ಇನ್ನೂ ಅನುಮಾನವಿದ್ದವರು ಅವರ ಚಿತ್ರಗಳನ್ನು ಸಾಲಾಗಿಟ್ಟು ನೋಡಲಿ. ನಿಜವಾದ ಚಂಚಲನಾಗಿದ್ದರೆ ಒಮ್ಮೆ ಹೆಂಗಸು, ಒಮ್ಮೆ ಹೂದಾನಿ, ಒಮ್ಮೆ ಗಾಂಧೀಜಿ ಬರೆದಿರುತ್ತಿದ್ದ. ಇವರದ್ದು ಎಣ್ಣೆಯಲ್ಲೂ ನೀರಿನಲ್ಲೂ ಡಿಕಾಕ್ಷನ್ನಿನಲ್ಲೂ ಅದೇ ದುರ್ಗದ ಗುಡ್ಡ, ಅದೇ ಎಡಗಡೆಯ ಸಿಲ್ವರ್ ಓಕು, ಅದಕ್ಕೆ ಅದೇ ಮೆಣಸಿನ ಬಳ್ಳಿ. ಗೃಹಪ್ರವೇಶಕ್ಕೆ ಉಡುಗೊರೆ ಪಡೆದ ನೆಂಟರಿಗೂ ಇದರಿಂದ ಉಪಕಾರವಾಗಿದೆ: ಸಾಹುಕಾರರ ಜೀಪಿನ ಸದ್ದು ಕೇಳಿ, ತಮ್ಮ ಚಿತ್ರ ಅಟ್ಟದಲ್ಲಿ ಸಿಗದಿದ್ದರೆ, ಪಕ್ಕದ ಮನೆಯದ್ದನ್ನು ತಂದು ಮೊಳೆಗೆ ಸಿಕ್ಕಿಸಿದರೂ ನಡೆಯುತ್ತದೆ.