ನನ್ನನ್ನು ಬಂಧಿಸಿದ ಸಾಹೇಬರಿಗೆ ಒಂದು ಬಹಿರಂಗ ಅರ್ಜಿ

ಇವರಿಗೆ: ಮುಂಬೈ ಪೊಲೀಸ್ ಎಂದು ಹೇಳಿಕೊಂಡ ಸಬ್ ಇನ್ಸ್‌ಪೆಕ್ಟರ್ ಸಾಹೇಬರು, ವಾಟ್ಸಾಪ್ ಠಾಣೆ.
ಇವರಿಂದ: ನಿವೃತ್ತ ಖಜಾನೆ ಗುಮಾಸ್ತ, ಹಾಸನ.

ಮಾನ್ಯರೇ,

ವಿಷಯ: ತಾವು ದಯಪಾಲಿಸಿದ ಡಿಜಿಟಲ್ ಬಂಧನದ ಕುರಿತು.
ಉಲ್ಲೇಖ: ತಮ್ಮ ವಿಡಿಯೊ ಕರೆ, ಒಟ್ಟು 18 ಗಂಟೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈಗಷ್ಟೇ ಬ್ಯಾಂಕಿನಿಂದ ಬಂದೆ. ಚಪ್ಪಲಿ ಬಿಟ್ಟಿದ್ದೇನೆ, ಅಂಗಿ ಇನ್ನೂ ಬಿಚ್ಚಿಲ್ಲ. ಅಂಗಿ ಬಿಚ್ಚಿ ಒಂದು ಲೋಟ ಕಾಫಿ ಕುಡಿದರೆ ನನ್ನ ಸಿಟ್ಟು ಇಳಿದುಬಿಡುತ್ತದೆ, ಆಮೇಲೆ ಈ ಪತ್ರ ಬರೆಯಲಾಗುವುದಿಲ್ಲ.

ಬೆಳಿಗ್ಗೆ ಹತ್ತಕ್ಕೆ ಹೋದವನಿಗೆ ಸಿಕ್ಕ ಟೋಕನ್ 47. ಹನ್ನೆರಡಕ್ಕೆ ಸರ್ವರ್ ಡೌನ್. ಹನ್ನೆರಡೂವರೆಗೆ ಸರ್ವರ್ ಬಂತು, ಆದರೆ ಕೌಂಟರಿನ ಹುಡುಗಿ ಊಟಕ್ಕೆ ಹೋದಳು. ನಾಲ್ಕು ತಿಂಗಳಲ್ಲಿ ಇದು ನನ್ನ ಆರನೇ ಸಲ. ತಾವು ತೆಗೆದುಕೊಂಡು ಹೋದ 6,40,000 ರೂಪಾಯಿಯಲ್ಲಿ 41,300 ರೂಪಾಯಿ ದಾರಿಯಲ್ಲೆಲ್ಲೋ ಸಿಕ್ಕಿಬಿದ್ದು, ಬೇರೆ ರಾಜ್ಯದ ಯಾರದೋ ಖಾತೆಯಲ್ಲಿ ಹೋಲ್ಡ್ ಆಗಿ ಕೂತಿದೆಯಂತೆ. ಅದನ್ನು ಬಿಡಿಸಿಕೊಡಿ ಎಂದರೆ ಠಾಣೆಯವರು ಬ್ಯಾಂಕಿಗೆ ಹೋಗಿ ಅಂತಾರೆ, ಬ್ಯಾಂಕಿನವರು ಕೋರ್ಟ್ ಆರ್ಡರ್ ತನ್ನಿ ಅಂತಾರೆ, ವಕೀಲರು ಮೊದಲು ಫೀಸು ತನ್ನಿ ಅಂತಾರೆ. ಫೀಸು ಕೊಡೋಣವೆಂದರೆ ದುಡ್ಡು ತಮ್ಮ ಹತ್ತಿರ ಇದೆ.

ಅಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತು ತಮ್ಮ ಸೇವೆಯನ್ನು ನೆನೆಸಿಕೊಂಡೆ. ತಾವು ಒಂದೇ ರಿಂಗಿಗೆ ಫೋನ್ ಎತ್ತುತ್ತಿದ್ದಿರಿ. ಟೋಕನ್ ಇಲ್ಲ, ಊಟದ ವಿರಾಮ ಇಲ್ಲ, ಎರಡನೇ ಶನಿವಾರ ಇಲ್ಲ. ರಾತ್ರಿ ಎರಡು ಗಂಟೆಯಲ್ಲಿ ಬಚ್ಚಲಿಗೆ ಹೋಗಬೇಕೆಂದು ಅಪ್ಪಣೆ ಕೇಳಿದಾಗ, "ಹೋಗಿ ಬನ್ನಿ ಅಂಕಲ್, ಫೋನ್ ಬಾಗಿಲ ಹತ್ತಿರ ಇಡಿ" ಅಂದಿರಿ. 31 ವರ್ಷ ಸರ್ಕಾರಿ ನೌಕರಿ ಮಾಡಿದ್ದೇನೆ, ಯಾವ ಮೇಲಧಿಕಾರಿಯೂ ನನ್ನ ಮೂತ್ರಕೋಶದ ಬಗ್ಗೆ ಇಷ್ಟು ಕಾಳಜಿ ತೋರಿಸಿರಲಿಲ್ಲ. ಶಾಲೆಯಲ್ಲಿ ಕಲಿತು ಮರೆತಿದ್ದ ಹಿಂದಿ ಕೂಡ ಅವತ್ತು ಪ್ರಯೋಜನಕ್ಕೆ ಬಂತು. ಬಂಧನಕ್ಕೊಳಗಾಗಲು ಸಾಕಾಗುವಷ್ಟು ಹಿಂದಿ ನನಗೆ ಬರುತ್ತದೆಂದು ಮೇಷ್ಟ್ರಿಗೆ ಗೊತ್ತಾಗಿದ್ದರೆ ಖುಷಿಪಡುತ್ತಿದ್ದರು.

ಹೆಂಡತಿ ಮೊದಲ ಅರ್ಧ ಗಂಟೆಯಲ್ಲೇ ತಮ್ಮನ್ನು ಪತ್ತೆ ಹಚ್ಚಿದ್ದಳು. ಅಡುಗೆಮನೆಯಿಂದಲೇ ಕೇಳಿದಳು: "ರೀ, ಯಾರ್ರೀ ಅದು ಇಷ್ಟು ಮರ್ಯಾದೆಯಾಗಿ ಮಾತಾಡ್ತಿರೋದು? ಪೊಲೀಸಿನವರಂತೂ ಅಲ್ಲ." ನಾನು ಅವಳನ್ನೇ ಗದರಿಸಿ ಕೋಣೆಯ ಬಾಗಿಲು ಹಾಕಿಕೊಂಡೆ. ಯಾರಿಗಾದರೂ ಹೇಳಿದರೆ ಅವರ ಹೆಸರೂ ಕೇಸಿಗೆ ಸೇರುತ್ತದೆ ಎಂದು ತಾವು ಮೊದಲೇ ಹೆದರಿಸಿದ್ದಿರಲ್ಲ. ತಮ್ಮ ಕಸುಬಿನ ಮುಖ್ಯ ಪಟ್ಟು ಆ ಬಾಗಿಲು ಎಂದು ನನಗೆ ಈಗ ಗೊತ್ತಾಗಿದೆ. ಅದು ತೆರೆದಿದ್ದರೆ ಸಾರಿಗೆ ಒಗ್ಗರಣೆ ಬೀಳುವಷ್ಟರಲ್ಲಿ ನನ್ನ ಕೇಸು ಖುಲಾಸೆಯಾಗುತ್ತಿತ್ತು.

ತಮ್ಮ ಕೆಲಸದಲ್ಲಿ ಅವಸರ ಇರಲಿಲ್ಲ, ಅವಸರವೆಲ್ಲ ನನ್ನದು. ಮೊದಲು ಒಂದು ಯಂತ್ರದ ದನಿ: ನಿಮ್ಮ ನಂಬರು ಎರಡು ಗಂಟೆಯಲ್ಲಿ ಬಂದ್ ಆಗುತ್ತದೆ, ವಿವರಕ್ಕೆ 9 ಒತ್ತಿ. ಒತ್ತಿದೆ. ಆಮೇಲೆ ನನ್ನ ಹೆಸರಿನ ಪಾರ್ಸೆಲ್, ಅದರಲ್ಲಿ ಮಾದಕ ವಸ್ತು. ನಾನು ಜೀವಮಾನದಲ್ಲಿ ಪಾರ್ಸೆಲ್ ಕಳಿಸಿದ್ದು ಮಗಳಿಗೆ, ಅದೂ ಚಕ್ಕುಲಿ, ಕೋಡುಬಳೆ. ಆದರೂ ನಡುಗಿದೆ. ಆಧಾರಿನ ಕೊನೆಯ ನಾಲ್ಕು ಅಂಕಿ ಕೇಳಿದಿರಿ, ಕೊಟ್ಟೆ. ಕ್ಯಾಮೆರಾ ಆನ್ ಮಾಡಿ ಅಂದಿರಿ, ಮಾಡಿದೆ. ಒಮ್ಮೆ "ಹೂಂ" ಅಂದವನಿಗೆ ಎರಡನೇ "ಹೂಂ" ಸುಲಭ, ಮೂರನೆಯದು ತಾನಾಗಿ ಬರುತ್ತದೆ. ಮೊದಲ ಲಕ್ಷ ಹೋದದ್ದು ತಮ್ಮ "ಪರಿಶೀಲನೆ"ಗೆ. ಉಳಿದ ಐದೂ ಚಿಲ್ಲರೆ ಲಕ್ಷ ಹೋದದ್ದು ಆ ಒಂದು ಲಕ್ಷವನ್ನು ವಾಪಸ್ ಪಡೆಯುವುದಕ್ಕೆ.

ಇನ್ನು ಆ ವಾರಂಟು. ಖಜಾನೆಯಲ್ಲಿ ನನ್ನ ಕೈಗೆ ಬಂದ ಬಿಲ್ಲಿಗೆ ಒಂದು ಸೀಲು ಓರೆಯಾಗಿದ್ದರೂ ಆಕ್ಷೇಪಣೆ ಬರೆದು ವಾಪಸ್ ಮಾಡುತ್ತಿದ್ದೆ. ತಮ್ಮ ವಾರಂಟಿನಲ್ಲಿ ಕಡತ ಸಂಖ್ಯೆ ಇರಲಿಲ್ಲ, ಎರಡು ಸೀಲು ಒಂದರ ಮೇಲೊಂದು ಬಿದ್ದಿದ್ದವು, ದಿನಾಂಕ ನಾಳೆಯದು. ನಾಳೆಯದು, ಸಾಹೇಬರೇ! ಅದನ್ನು ನಾನು ಕಣ್ಣಿಗೊತ್ತಿಕೊಂಡು ಪಾಸು ಮಾಡಿದೆ.

ಮೊಮ್ಮಗಳು ಮನಃಶಾಸ್ತ್ರ ಓದುತ್ತಾಳೆ. ನನ್ನನ್ನು ಸಮಾಧಾನ ಮಾಡಲು ಒಂದು ಪ್ರಯೋಗದ ಕಥೆ ಹೇಳಿದಳು. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಗ್ರಾಮ್ ಎಂಬವರು 40 ಜನ ಸಾಮಾನ್ಯರನ್ನು ಒಬ್ಬೊಬ್ಬರಾಗಿ ಕರೆಸಿ ಒಂದು ಯಂತ್ರದ ಮುಂದೆ ಕೂರಿಸಿದರಂತೆ. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಕರೆಂಟ್ ಶಾಕ್ ಕೊಡಬೇಕು, ಪ್ರತಿ ಸಲ ಸ್ವಲ್ಪ ಹೆಚ್ಚು. ಶಾಕು ಸುಳ್ಳು, ಆದರೆ ಕೊಡುವವನಿಗೆ ಅದು ಗೊತ್ತಿಲ್ಲ. ಅವನು ಬೆವರುತ್ತ ಸಾಕು ಅಂದರೆ, ಬೂದು ಬಣ್ಣದ ಕೋಟು ತೊಟ್ಟವನೊಬ್ಬ ಮುಂದುವರಿಸಿ ಅನ್ನುತ್ತಿದ್ದ, ಅಷ್ಟೇ. 40ರಲ್ಲಿ 26 ಮಂದಿ ಕೊನೆಯ 450 ವೋಲ್ಟಿನ ತನಕ ಹೋದರಂತೆ. "ಅವನ ಹತ್ತಿರ ಬಂದೂಕು ಇರಲಿಲ್ಲ ತಾತ, ಬರೀ ಕೋಟು" ಅಂದಳು. ತಮ್ಮ ಅಂಗಿಯ ಮೇಲೆ ಎರಡು ನಕ್ಷತ್ರ ಇದ್ದವು. ಕೋಟಿಗಿಂತ ಅಗ್ಗ ಬಿದ್ದಿರಬೇಕು.

ನನಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇಂಥದೇ ಕರೆಯ ತುಣುಕು ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದವರಿಗೇ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದೂ ಹೇಳಿದರು. ನಾನು ಅದನ್ನು ಹೆಂಡತಿಗೆ ವಿವರಿಸಿ ಬೇರೆ ಹೇಳಿದ್ದೆ. ಪಕ್ಕದ ಮನೆಯವರಿಗೂ ಹೇಳಿದ್ದೆ. ಹೊಟ್ಟೆಯಲ್ಲಿ ನಡುಕ ಹುಟ್ಟಿದ ಮೇಲೆ ತಲೆಯಲ್ಲಿದ್ದದ್ದು ಕೈಗೆ ಸಿಗುವುದಿಲ್ಲ. ಫೋನಿನಲ್ಲಿ ಸರ್ಕಾರದ ಎಚ್ಚರಿಕೆಯ ದನಿಯೂ ಬರುತ್ತಿತ್ತಲ್ಲ ಅಂದ ಅಳಿಯ. ಬರುತ್ತಿತ್ತು, ಕರೆ ಮಾಡಿದವರ ಕಿವಿಗೆ! ಅಂದರೆ ತಾವು ನನಗೆ ಫೋನ್ ಮಾಡುವಾಗ "ವಂಚಕರಿದ್ದಾರೆ, ಎಚ್ಚರ" ಎಂದು ಹೇಳಬೇಕಿದ್ದದ್ದು ತಮಗೆ. ತಾವು ವಾಟ್ಸಾಪಿನಲ್ಲಿ ಬಂದು ಅದನ್ನೂ ತಪ್ಪಿಸಿಕೊಂಡಿರಿ.

ಒಂದು ದೂರು ಮಾತ್ರ ಇದೆ. 2024ರಲ್ಲಿ ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರಿಂದ ತಮ್ಮ ಕಸುಬಿನವರು 7 ಕೋಟಿ ತೆಗೆದುಕೊಂಡಾಗ, ಅವರಿಗಾಗಿ ಇಡೀ ಸುಪ್ರೀಂ ಕೋರ್ಟನ್ನೇ ವಿಡಿಯೊದಲ್ಲಿ ಕಟ್ಟಿ, ನಕಲಿ ಮುಖ್ಯ ನ್ಯಾಯಮೂರ್ತಿಯನ್ನು ಕೂರಿಸಿದ್ದರು. ನನಗೆ ಬರೀ ಸಬ್ ಇನ್ಸ್‌ಪೆಕ್ಟರ್. ಪಿಂಚಣಿದಾರ ಎಂದು ಈ ತಾರತಮ್ಯವೇ?

ಅದಿರಲಿ. ಇವತ್ತು ಎರಡು ಗಂಟೆಗೆ ಮ್ಯಾನೇಜರು ಕನ್ನಡಕ ಕೆಳಗಿಳಿಸಿ ಕೇಳಿದರು: "ಅಲ್ಲಾ ಸರ್, ಓದಿದವರು ನೀವು. ಹೇಗೆ ಮೋಸ ಹೋದ್ರಿ?" ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ದಿನದಿಂದ ಎಲ್ಲರೂ ಇದನ್ನೇ ಕೇಳಿದ್ದಾರೆ. ಠಾಣೆಯಲ್ಲಿ ಕೇಳಿದರು, ಬೀಗರು ಕೇಳಿದರು, ಹಾಲಿನವನೂ ಕೇಳಿದ. ಆ ಪ್ರಶ್ನೆಗೆ ಹೆದರಿಯೇ ನಾನು ದೂರು ಕೊಡಲು ಒಂದು ಇಡೀ ದಿನ ತಡ ಮಾಡಿದೆ, ಆ ಒಂದು ದಿನದಲ್ಲಿ ದುಡ್ಡು ಹತ್ತು ಖಾತೆ ದಾಟಿತ್ತು.

ಹೇಗೆ ಮೋಸ ಹೋದೆ ಅಂತ ಕೇಳ್ತೀರಾ ಮ್ಯಾನೇಜರೇ? ನಿಮ್ಮ ಬ್ಯಾಂಕಿನಲ್ಲೇ ಹೋದೆ. ಪಾಸ್‌ಬುಕ್ಕಿನಲ್ಲಿ ವಿಳಾಸ ಬದಲಿಸಲು ನನ್ನನ್ನು ಮೂರು ಸಲ ಅಲೆಸಿದ್ದೀರಿ. ಅವತ್ತು ಅಂಗಿಯ ಜೇಬಿನಲ್ಲಿ ಈ ಸಾಹೇಬರು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿರುವಾಗ, ನಿವೃತ್ತಿಯಲ್ಲಿ ಬಂದ ದುಡ್ಡಿನ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಫಾರಂ ಕೊಟ್ಟೆ. ಕೈ ನಡುಗಿ ಸಹಿ ಎರಡು ಸಲ ತಪ್ಪಿತು. ಎಪ್ಪತ್ತರ ಮುದುಕ ಇದ್ದಬದ್ದ ದುಡ್ಡನ್ನೆಲ್ಲ ಗುರುತಿಲ್ಲದ ಖಾತೆಗೆ ಯಾಕೆ ಕಳಿಸುತ್ತಿದ್ದಾನೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಪ್ಯಾನ್ ನಂಬರು. 12 ನಿಮಿಷ! ಗೋಡೆಯ ಗಡಿಯಾರ ನೋಡಿದ್ದೆ. ಹೋಗಲು 12 ನಿಮಿಷ, ಬರಲು ಕೋರ್ಟ್ ಆರ್ಡರ್.

ಹೆದರಿಸುವುದನ್ನು ಈ ಸಾಹೇಬರು ಕಲಿತದ್ದು ಯಾರಿಂದ? ಇಂಥ ತಾರೀಕಿನೊಳಗೆ ಕೆವೈಸಿ ಕೊಡದಿದ್ದರೆ ಖಾತೆ ಸ್ಥಗಿತ. 2023ರ ಜೂನ್ 30ರೊಳಗೆ ಪ್ಯಾನ್, ಆಧಾರ್ ಜೋಡಿಸದಿದ್ದರೆ ಪ್ಯಾನ್ ನಿಷ್ಕ್ರಿಯ, ತಡವಾದದ್ದಕ್ಕೆ 1,000 ರೂಪಾಯಿ ಕಟ್ಟಿ. ಯಾಕೆ ಎಂದು ಕೇಳದೆ ಕಟ್ಟಿದೆ. ಅದು ಅಸಲಿ ಮೆಸೇಜು. ಸಾಹೇಬರದು ನಕಲಿ. ಎರಡರ ಧಾಟಿಯೂ ಒಂದೇ, ಎರಡರಲ್ಲೂ ನಾನೇ ತಪ್ಪಿತಸ್ಥ.

ನಾನೂ ಸಾಚಾ ಅಲ್ಲ. ಗಂಡ ಸತ್ತ ಹೆಂಗಸರು ಕುಟುಂಬ ಪಿಂಚಣಿಯ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಟಪಾಲು ಬಂದಿಲ್ಲ, ನಾಳೆ ಬನ್ನಿ ಅನ್ನುತ್ತಿದ್ದೆ. ಕಾಗದ ನನ್ನ ಮೇಜಿನ ಮೇಲೇ ಇರುತ್ತಿತ್ತು. ಅವರು ಕೈಮುಗಿದು ಹೋಗುತ್ತಿದ್ದರು. ಆ ರಾತ್ರಿ ಕ್ಯಾಮೆರಾದಲ್ಲಿ ನನ್ನನ್ನೇ ನೋಡಿದಾಗ ಅದೇ ಕೈ, ಅದೇ ಮುಗಿದ ರೀತಿ.

ಸಾಹೇಬರೇ, ಕಾಂಬೋಡಿಯ, ಮ್ಯಾನ್ಮಾರ್ ಕಡೆ ಕಂಪ್ಯೂಟರ್ ಕೆಲಸವೆಂದು ನಮ್ಮ ಹುಡುಗರನ್ನು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಕೂಡಿಹಾಕಿ ಈ ಕೆಲಸ ಮಾಡಿಸುತ್ತಾರೆಂದು ಪೇಪರಿನಲ್ಲಿ ಓದಿದೆ. ತಾವೂ ಅಂಥವರಲ್ಲೊಬ್ಬರಾದರೆ, ಬಚ್ಚಲಿಗೆ ಹೋಗಲು ತಮಗೂ ಯಾರೋ ಅಪ್ಪಣೆ ಕೊಡಬೇಕಾಗಿರಬಹುದು. ಹಾಗಿಲ್ಲದಿದ್ದರೆ ತಮ್ಮ ಮನೆ ಹಾಳಾಗ.

ಕೊನೆಯದಾಗಿ ಒಂದು ಅರಿಕೆ. ಇವತ್ತು ಬ್ಯಾಂಕಿನಲ್ಲಿ ಇನ್ನೊಂದು ಸುದ್ದಿ ಹೇಳಿದರು: ಈ ತಿಂಗಳ ಪಿಂಚಣಿ ಬಂದಿಲ್ಲ. ನವೆಂಬರಿನಲ್ಲಿ ಮೊಬೈಲಿಗೆ ಮುಖ ತೋರಿಸಿ, ಕಣ್ಣು ಮಿಟುಕಿಸಿ ಕೊಟ್ಟ ಜೀವನ ಪ್ರಮಾಣಪತ್ರ ಅವರ ಸಿಸ್ಟಂನಲ್ಲಿ ಕಾಣಿಸುತ್ತಿಲ್ಲವಂತೆ. "ನಾನು ಇಲ್ಲೇ ನಿಂತಿದ್ದೀನಲ್ಲಮ್ಮಾ" ಅಂದೆ. "ಸಿಸ್ಟಂನಲ್ಲಿ ಇಲ್ಲ ಸರ್" ಅಂದಳು ಕೌಂಟರಿನ ಹುಡುಗಿ. ನಾನು ಬದುಕಿದ್ದೇನೆ ಎಂದು ಯಾರಾದರೂ ದೃಢೀಕರಿಸಬೇಕು. 18 ಗಂಟೆ ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದವರು ತಾವು, ತಮಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಸೀಲು ತಮ್ಮ ಹತ್ತಿರ ಇದ್ದೇ ಇದೆ. ದಿನಾಂಕ ಮಾತ್ರ ಇವತ್ತಿನದು ಹಾಕಿ.

ತಮ್ಮ ವಿಶ್ವಾಸಿ,
ಟೋಕನ್ ನಂಬರ್ 47