ನಾಯಿಗೆ ಓದಿದ ಪಾಲುಪಟ್ಟಿ

ಶನಿವಾರದಿಂದ ನಮ್ಮ ಮನೆಯಲ್ಲಿ ತಾತ-ಮೊಮ್ಮಗ ಮಾತು ಬಿಟ್ಟಿದ್ದಾರೆ. ಕಾರಣ ಒಂದು ಬುಕ್‌ಮಾರ್ಕ್. ಅದರ ಮೇಲೆ ನಾಲಿಗೆ ಚಾಚಿಕೊಂಡು ಕೂತ ಗೋಲ್ಡನ್ ರಿಟ್ರೀವರ್ ನಾಯಿಯ ಫೋಟೋ. ಎಂಟು ವರ್ಷದ ಮಗ ಅದು ತನ್ನದು ಅನ್ನುತ್ತಾನೆ. ಎಪ್ಪತ್ತು ದಾಟಿದ ಅಪ್ಪ, "ಓದಿದವನು ನಾನು, ನಾಯಿ ಕೇಳಿಸಿಕೊಂಡಿದ್ದು ನಾನು ಓದಿದ್ದನ್ನ. ಇವನಿಗೆ ಯಾವ ಆಧಾರದ ಮೇಲೆ ಹಕ್ಕು ಬರುತ್ತೆ?" ಎಂದು ಕೇಳುತ್ತಾರೆ. ಅಮ್ಮನಿಗೆ ಇಬ್ಬರ ಮೇಲೂ ಸಿಟ್ಟು, ನಾಯಿಯ ಮೇಲಂತೂ ಇನ್ನೂ ಜಾಸ್ತಿ. ನನ್ನ ಗಂಡ ಮಾವನ ಎದುರು ನಗಲಾರದೆ ಗಳಿಗೆಗೊಮ್ಮೆ ಗರಾಜಿಗೆ ಹೋಗಿ ನಕ್ಕು ಬರುತ್ತಾನೆ.

ಇಷ್ಟಕ್ಕೂ ಮೂಲ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು. ಮಗಳ ಮನೆಗೆ ಬಂದ ಬೇರೆ ಅಪ್ಪಂದಿರು ನಯಾಗರಾ ನೋಡುತ್ತಾರೆ, ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮಪ್ಪ ಟ್ಯಾಕ್ಸ್ ಬಿಲ್ಲು ನೋಡಿದರು. ಊರಿನದೇ ಲೈಬ್ರರಿ ಇದ್ದರೆ ನ್ಯೂಜೆರ್ಸಿಯಲ್ಲಿ ಅದರ ತೆರಿಗೆ ಬಿಲ್ಲಿನಲ್ಲಿ ಬೇರೆಯೇ ಸಾಲಾಗಿ ಬರುತ್ತದೆ. ಆಸ್ತಿಯ ಬೆಲೆಯಲ್ಲಿ ಸಾವಿರ ಡಾಲರಿಗೆ 33 ಸೆಂಟಿನಷ್ಟು ಲೈಬ್ರರಿಗೆ ಕೊಡಲೇಬೇಕೆಂದು ರಾಜ್ಯದ ಕಾನೂನು. ಅಂದರೆ ಆರು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಸುಮಾರು 200 ಡಾಲರು. ಅಪ್ಪ ಕನ್ನಡಕ ಹಣೆಗೇರಿಸಿ ಲೆಕ್ಕ ಹಾಕಿದರು. "ನಮ್ಮಲ್ಲೂ 1965ರ ಕಾಯಿದೆ ಇದೆ ಕಣಮ್ಮ, ಆಸ್ತಿ ತೆರಿಗೆ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಸೆಸ್ಸು. ವಸೂಲಾದ ದುಡ್ಡು ಲೈಬ್ರರಿಗೆ ತಲುಪೋದೇ ಒಂದು ದೊಡ್ಡ ಕಡತ, ಆ ಮಾತು ಬೇರೆ. ಅಲ್ಲಮ್ಮಾ, ನೀವು ಕಟ್ಟಿದೀರಲ್ಲ, ಎಷ್ಟು ವಾಪಸ್ ತಗೊಂಡಿದೀರಿ?"

ನಾವು ತಗೊಂಡಿದ್ದು ಏನೂ ಇರಲಿಲ್ಲ. ಮಾರನೆಯ ದಿನವೇ ಲೈಬ್ರರಿಯ ತಿಂಗಳ ಕಾರ್ಯಕ್ರಮ ಪಟ್ಟಿ ನಮ್ಮ ಫ್ರಿಜ್ಜಿನ ಬಾಗಿಲೇರಿತು. ಅದರ ಮೇಲೆ ಕೆಂಪು ಶಾಯಿಯ ಟಿಕ್ಕುಗಳು. ಬೇಸಿಗೆ ಓದಿನ ಬಿಂಗೋ, ಕುರ್ಚಿಯಲ್ಲಿ ಕೂತು ಮಾಡುವ ಯೋಗ, ಬಟ್ಟೆ ಹೊಲಿಯುವವರ ಕೂಟ, ಇಂಗ್ಲಿಷ್ ಮಾತಾಡಲು ಕಲಿಯುವವರ ಕೂಟ, ಬೀಜದ ಪೊಟ್ಟಣ ಹಂಚಿಕೆ, ಐದು ವರ್ಷದೊಳಗಿನ ಮಕ್ಕಳಿಗೆ ಸಾವಿರ ಪುಸ್ತಕದ ಗುರಿ. ಈ ಕೊನೆಯದಕ್ಕೂ ಟಿಕ್ ಬಿದ್ದಿತ್ತು. "ಅಪ್ಪಾ, ಅಷ್ಟು ಚಿಕ್ಕ ಮಗು ನಮ್ಮನೇಲಿ ಇಲ್ಲವಲ್ಲ" ಅಂದರೆ, ಅಪ್ಪ ನನ್ನನ್ನೂ ನನ್ನ ಗಂಡನನ್ನೂ ಒಂದು ಸಲ ನೋಡಿ ಸುಮ್ಮನಾದರು. ಆ ನೋಟದ ಅರ್ಥ ಇಬ್ಬರಿಗೂ ಆಯಿತು, ಇಬ್ಬರೂ ಪಾತ್ರೆ ತೊಳೆಯಲು ಓಡಿದೆವು.

ಯೋಗ ಒಂದೇ ದಿನಕ್ಕೆ ಮುಗಿಯಿತು. ಉಸಿರು ಒಳಗೆ ತಗೊಳ್ಳಿ ಎಂದು ಬಿಳಿ ಹೆಂಗಸೊಬ್ಬಳು ತಮಗೆ ಹೇಳಿಕೊಟ್ಟದ್ದನ್ನು ಅಪ್ಪ ಕ್ಷಮಿಸಲಿಲ್ಲ. ಅಮ್ಮ ಮಾತ್ರ 641.5ರ ಕಪಾಟಿನ ಮುಂದೆ ಬಿಡಾರ ಹೂಡಿದಳು. ಜಗತ್ತಿನ ಅಡುಗೆ ಪುಸ್ತಕಗಳೆಲ್ಲ ಸೇರುವುದು ಆ ನಂಬರಿಗೆ. ಸಾರಿಗೆ ಕ್ರೀಮ್ ಹಾಕಿಸಿದ್ದ ಪುಸ್ತಕವೊಂದು ಅಮ್ಮನ ಕೈಗೆ ಸಿಕ್ಕಿ, ಪೆನ್ಸಿಲಿಂದ ತಿದ್ದುವಷ್ಟರಲ್ಲಿ ನಾನು ಕಿತ್ತುಕೊಂಡೆ.

ಅಪ್ಪ ಅರಳಿದ್ದು ಬಾಗಿಲ ಬಳಿಯ ಶಿಫಾರಸು ಕಪಾಟಿನ ಮುಂದೆ. ಅಲ್ಲಿ ಸಿಬ್ಬಂದಿ ಮೆಚ್ಚಿದ ಪುಸ್ತಕಗಳಿರುತ್ತವೆ, ಒಂದೊಂದರ ಕೆಳಗೂ ಯಾಕೆ ಮೆಚ್ಚಿದೆವು ಎಂಬ ನಾಲ್ಕು ಸಾಲಿನ ಚೀಟಿ. ಓದುಗರೂ ಚೀಟಿ ಬರೆದು ಡಬ್ಬಿಗೆ ಹಾಕಬಹುದು. ಸರ್ವಿಸಿನುದ್ದಕ್ಕೂ ಕಡತದ ಮೇಲೆ ಷರಾ ಬರೆದ ಕೈ, ಸುಮ್ಮನಿರುತ್ತದೆಯೇ? ಲೈಬ್ರರಿಯವರು ನಗುನಗುತ್ತಾ ಕಪಾಟಿಗೆ ಅಂಟಿಸಿದ ಅಪ್ಪನ ಇಂಗ್ಲಿಷ್ ಚೀಟಿಯ ಕನ್ನಡ ಹೀಗೆ: "ಮೇಲ್ಕಂಡ ಪುಸ್ತಕವನ್ನು ಆದ್ಯಂತ ಪರಿಶೀಲಿಸಲಾಗಿದೆ. 114ನೇ ಪುಟದಿಂದ ಕಥೆ ವಿಳಂಬವಾಗಿದೆ. ಕೊಲೆಗಾರನು ಅಡುಗೆಯವನೆಂದು ಕಂಡುಬಂದಿದೆ. ಓದಲು ಅನುಮತಿಸಬಹುದು." ಪತ್ತೇದಾರಿ ಕಾದಂಬರಿಯದು. ಅದರ ಕೆಳಗೆ ರುಜು, ತಾರೀಖು. ಆಮೇಲೆ ಆ ಪುಸ್ತಕವನ್ನು ಯಾರೂ ಮುಟ್ಟಿಲ್ಲವಂತೆ.

ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಲ್ಲಿಯೇ ಕಣ್ಣಿಗೆ ಬಿದ್ದ ದಿನ ಅಪ್ಪ ಲೈಬ್ರರಿಯಲ್ಲಿ ಗಟ್ಟಿಯಾಗಿ ಮಾತಾಡಿಬಿಟ್ಟರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಕಥೆಗಳಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಬಂದಿತ್ತಲ್ಲ, ಕನ್ನಡದ ಪುಸ್ತಕಕ್ಕೆ ಮೊದಲ ಬಾರಿ. "ನಮ್ಮ ಹಾಸನದೋರು! ನಮ್ಮ ಜಿಲ್ಲೆ!" ಕೌಂಟರಿನಾಕೆ ಸಂತೋಷಪಟ್ಟು, ಅದನ್ನು ಬೇರೆಯವರು ಕಾದಿರಿಸಿದ್ದಾರೆ, ಮುಂದೆ ಸಾಲಿದೆ, ನಿಮ್ಮ ಹೆಸರೂ ಸೇರಿಸಲೇ ಎಂದಳು. ತಮ್ಮ ಜಿಲ್ಲೆಯ ಪುಸ್ತಕಕ್ಕೆ ತಾವೇ ಸರದಿ ಕಾಯಬೇಕಾದದ್ದು ಅಪ್ಪನಿಗೆ ಹೆಮ್ಮೆಯೋ ಅವಮಾನವೋ ತಿಳಿಯಲಿಲ್ಲ. ಆ ಗೊಂದಲದಲ್ಲಿ ಎಸ್. ಆರ್. ರಂಗನಾಥನ್ ಅವರನ್ನು ಎಳೆದು ತಂದರು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಪುಸ್ತಕವಾಗಿ ಕೊಟ್ಟವರು. ಲೈಬ್ರರಿ ವಿಜ್ಞಾನ ಓದಿದವರಿಗೆ ಇಲ್ಲಿಯೂ ಗೊತ್ತಿರುವ ಹೆಸರು, ಆಕೆಗೂ ಗೊತ್ತಿತ್ತು. ಶುರುವಾಯಿತು ನೋಡಿ. ತಮಿಳುನಾಡಿನ ಶೀಯಾಳಿಯಲ್ಲಿ ಹುಟ್ಟಿದ ರಂಗನಾಥನ್ ಕೊನೆಗಾಲದಲ್ಲಿ ಬೆಂಗಳೂರಿನಲ್ಲಿದ್ದು, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರ ಕಟ್ಟಿದ್ದು ನಿಜ. ಅಷ್ಟು ಹಿಡಿದುಕೊಂಡು ಅಪ್ಪ ಅವರ ಖಾತೆಯನ್ನು ನೇರ ಅರಸೀಕೆರೆಗೇ ಬದಲಾಯಿಸಿಬಿಟ್ಟರು. ಓದುಗರ ಸಮಯ ಉಳಿಸಬೇಕೆನ್ನುವ ನಾಲ್ಕನೆಯ ಸೂತ್ರವನ್ನು ಅವರು ವಿವರಿಸಿ ಮುಗಿಸುವ ಹೊತ್ತಿಗೆ ಹಿಂದೆ ಕಾದಿದ್ದ ಓದುಗರೆಲ್ಲ ಪುಸ್ತಕ ಕೆಳಗಿಟ್ಟು ಮನೆಗೆ ಹೋಗಿದ್ದರು.

ಇನ್ನು ನಾಯಿಯ ವಿಷಯ.

ಮಕ್ಕಳು ನಾಯಿಗೆ ಪುಸ್ತಕ ಓದಿ ಹೇಳುವ ಕಾರ್ಯಕ್ರಮ ಇಲ್ಲಿಯ ಎಷ್ಟೋ ಲೈಬ್ರರಿಗಳಲ್ಲಿದೆ. ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಇದಕ್ಕೊಂದು ಕ್ರಮ ಬಂತು, ತರಬೇತಾದ ನಾಯಿಗಳೇ ಬರುತ್ತವೆ. ಓದಲು ತಡವರಿಸುವ ಮಗು ಮನುಷ್ಯರ ಮುಂದೆ ಹೆದರುತ್ತದೆ, ನಾಯಿ ತಪ್ಪು ಹಿಡಿಯುವುದಿಲ್ಲವಲ್ಲ. ಅಪ್ಪ ಮೊಮ್ಮಗನಿಗೆ ಹದಿನೈದು ನಿಮಿಷದ ಸರದಿ ಬರೆಸಿದರು. ಅಮ್ಮ ಹಣೆ ಚಚ್ಚಿಕೊಂಡಳು: "ಮನೆ ತುಂಬ ಜನ ಇದೀವಿ, ಮಗು ನಾಯಿಗೆ ಓದಬೇಕಾ?" ಅರಸೀಕೆರೆಯಲ್ಲಿ ಉಳಿದ ಮುದ್ದೆ-ಸಾರು ಕಲಸಿ ಬೀದಿನಾಯಿಗಳನ್ನೆಲ್ಲ ಹೆಸರಿಟ್ಟು ಕರೆಯುವವಳೂ ಇವಳೇ.

ಈ ನಾಯಿಯ ಹೆಸರು ಮರ್ಫಿ. ಅಪ್ಪನಿಗೆ ಕೇಳಿದ ಕೂಡಲೇ ಸಲಿಗೆ ಬಂತು. ಅವರ ಕಾಲದಲ್ಲಿ ನಡುಮನೆಯ ಗೂಡಿನಲ್ಲಿ ಇರುತ್ತಿದ್ದ ರೇಡಿಯೋ ಮರ್ಫಿಯೇ. ಆ ಮರ್ಫಿ ಮಾತಾಡುತ್ತಿತ್ತು, ಇವರು ಕೇಳುತ್ತಿದ್ದರು.

ಜಗಳ ಹತ್ತಿದ್ದು ಯಾವ ಪುಸ್ತಕ ಓದಬೇಕು ಎಂಬುದಕ್ಕೆ. ಮಗನ ಕೈಯಲ್ಲಿ 'ಡಾಗ್ ಮ್ಯಾನ್'. ನಾಯಿಗೆ ಅದಕ್ಕಿಂತ ತಕ್ಕ ಪುಸ್ತಕ ಯಾವುದಿದೆ? ಅಪ್ಪನ ಚೀಲದಲ್ಲಿ ಒಂದನೇ ತರಗತಿಯ ಕನ್ನಡ ಪಠ್ಯ. "ಹೇಗೂ ನಾಯಿಗೆ ಯಾವ ಭಾಷೆ ಆದರೇನು? ಕಾಗುಣಿತ ಓದಲಿ, ಅಭ್ಯಾಸ ಆಗುತ್ತೆ." ಮಗ ಮುಷ್ಕರ ಹೂಡಿದ. "ತಾತಾ, ಮರ್ಫಿ ಡಸಂಟ್ ನೋ ಕನ್ನಡ!" ಎಂದು ಕಿರುಚಿ ಮೇಜಿನ ಕೆಳಗೆ ತೂರಿದ. ಎಳೆದರೆ ಬರಲಿಲ್ಲ. ಗಡಿಯಾರ ಓಡುತ್ತಿತ್ತು. ಬರೆಸಿದ ಸರದಿ ವ್ಯರ್ಥವಾಗುವುದನ್ನು ಕಂದಾಯ ಇಲಾಖೆ ಸಹಿಸುವುದಿಲ್ಲ. ಪ್ಯಾಂಟು ತುಸು ಮೇಲೆಳೆದುಕೊಂಡು, "ಅಮ್ಮಾ, ರಾಮಾ" ಅನ್ನುತ್ತಾ ಮಕ್ಕಳ ಚಿತ್ರದ ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಅಪ್ಪನೇ ಕೂತುಬಿಟ್ಟರು. ನಾಯಿಯ ಒಡತಿ ನನ್ನನ್ನು ನೋಡಿದಳು, ನಾನು ಲೈಬ್ರರಿಯಾಕೆಯನ್ನು ನೋಡಿದೆ, ಆಕೆ ಚಾವಣಿ ನೋಡಿದಳು.

ಕಾಗುಣಿತ ಓದುತ್ತಾರೆ ಅಂದುಕೊಂಡೆ. ಇಲ್ಲ, ಮೊಬೈಲು ತೆಗೆದರು. ಊರಿಂದ ವಕೀಲರು ವಾಟ್ಸಾಪಿನಲ್ಲಿ ಕಳಿಸಿದ್ದ ಪಾಲುಪಟ್ಟಿಯ ಕರಡು. ಅಪ್ಪನಿಗೂ ಚಿಕ್ಕಪ್ಪನಿಗೂ ಜಮೀನು ಭಾಗವಾಗುವ ಕಾಗದ. ಬಂದ ಲಾಗಾಯ್ತು ಅದನ್ನು ನಮಗೆ ಓದಿ ಹೇಳಲು ನೋಡುತ್ತಿದ್ದರು. ನನಗೆ ಮೀಟಿಂಗು, ಅಳಿಯಂದಿರಿಗೆ ಫೋನ್ ಕಾಲು, ಅಮ್ಮನಿಗೆ ಸೀರಿಯಲ್ಲು. ಮರ್ಫಿಗೆ ಏನೂ ಕೆಲಸವಿರಲಿಲ್ಲ.

"ಷೆಡ್ಯೂಲು 'ಎ' ಸ್ವತ್ತು," ಎಂದು ಅಪ್ಪ ಗಂಟಲು ಸರಿಮಾಡಿಕೊಂಡರು. "ಎರಡು ಎಕರೆ ಹದಿನಾಲ್ಕು ಗುಂಟೆ, ಖರಾಬು ಮೂರು ಗುಂಟೆ ಸೇರಿ. ಇದಕ್ಕೆ ಚೆಕ್ಕುಬಂದಿ: ಪೂರ್ವಕ್ಕೆ ಹಳ್ಳ. ಪಶ್ಚಿಮಕ್ಕೆ ತಮ್ಮನ ತೆಂಗಿನ ತೋಟ. ಉತ್ತರಕ್ಕೆ ಬಂಡಿದಾರಿ." ಮರ್ಫಿ ತಲೆಯನ್ನು ಅಪ್ಪನ ಮೊಣಕಾಲ ಮೇಲಿಟ್ಟಿತು. ಖರಾಬು ಎಂದರೇನು, ಅದು ಪಾಲಿಗೆ ಬಂದರೂ ಯಾಕೆ ಲೆಕ್ಕಕ್ಕಿಲ್ಲ ಎಂದು ಅಪ್ಪ ನಡುವೆ ಬಿಡಿಸಿ ಹೇಳಿದರು. ಅದು ಬಾಲ ಬಡಿಯಿತು. ಅಕ್ಕಪಕ್ಕದ ಮಕ್ಕಳೆಲ್ಲ ತಮ್ಮ ಪುಸ್ತಕ ಬಿಟ್ಟು ಬಂದು ಸುತ್ತ ಕೂತರು. ಒಬ್ಬ ತಾಯಿ ಇದು ಭಾರತದ ಜನಪದ ಕಥೆಯೇ ಎಂದು ನನ್ನನ್ನು ಕೇಳಿದಳು. ಹೌದು, ಬಹಳ ಹಳೆಯದು, ಎಂದೆ.

"ದಕ್ಷಿಣಕ್ಕೆ ಹುಣಸೆಮರ," ಎಂದಾಗ ಅಪ್ಪನ ಗಂಟಲು ಕಟ್ಟಿತು. ಮರ ಚಿಕ್ಕಪ್ಪನ ಪಾಲಿಗೆ ಹೋಗಿದೆ ಎಂಬುದು ನನಗೆ ಗೊತ್ತಾದದ್ದೇ ಆಗ, ಅದೂ ನಾಯಿಗೆ ಹೇಳಿದ್ದನ್ನು ಚಿತ್ರಪುಸ್ತಕದ ಕಪಾಟಿನ ಹಿಂದೆ ನಿಂತು ಕೇಳಿಸಿಕೊಂಡು. ಆ ಮರ ನೆಟ್ಟದ್ದು ನಮ್ಮ ಮುತ್ತಜ್ಜಿಯಂತೆ. ಮರ್ಫಿ ಮುಂಗಾಲೆತ್ತಿ ಮೊಬೈಲಿನ ಮೇಲೆ ಇಟ್ಟಿತು. "ನೋಡು, ಸಾಕ್ಷಿದಾರನ ಹೆಬ್ಬೆಟ್ಟು ಬಿತ್ತು!" ಎಂದು ಅಪ್ಪ ನಕ್ಕರು. ಕಾಲು ತಗುಲಿ ಆ ಕಡತ ಚಿಕ್ಕಪ್ಪನಿಗೆ ಫಾರ್ವರ್ಡ್ ಆಗಿದ್ದು ರಾತ್ರಿ ತಿಳಿಯಿತು. ಅವರು ಹೆಬ್ಬೆರಳೆತ್ತಿದ ಗುರುತು ಕಳಿಸಿದ್ದರು.

ಸರದಿ ಮುಗಿದಾಗ ಓದಿದವರಿಗೆ ಬುಕ್‌ಮಾರ್ಕ್ ಕೊಡುವುದು ಪದ್ಧತಿ. ಅಪ್ಪನಿಗೆ ಕೊಟ್ಟರು. ಮೇಜಿನ ಕೆಳಗಿಂದ ಎದ್ದ ಗೋಳು ಪಾರ್ಕಿಂಗ್ ಲಾಟಿಗೂ ಕೇಳಿಸಿತು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ತಡೆದಳು. ಶನಿವಾರ ಅವಳ ಒಪ್ಪತ್ತು, ಅಪ್ಪನ ಪ್ಯಾಂಟಿನ ತುಂಬ ಹೊಂಬಣ್ಣದ ಕೂದಲು. "ಗರಾಜಿಂದ ಬನ್ನಿ, ನೇರ ಸ್ನಾನಕ್ಕೆ ನಡೀರಿ, ಏನೂ ಮುಟ್ಟಬೇಡಿ." ಮೈಲಿಗೆಯ ಸಿಟ್ಟು ಅಂದುಕೊಂಡೆವು. ಅಪ್ಪ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ನಿಜವಾದದ್ದು ಹೊರಬಿತ್ತು: "ಮದುವೆ ಆದಾಗಿನಿಂದ ಒಂದು ದಿನ ನನ್ನ ಕೂರಿಸಿಕೊಂಡು ಒಂದು ಪುಟ ಓದಿ ಹೇಳಿದ್ದುಂಟೇನ್ರೀ? ಆ ನಾಯಿಗೆ ಚೆಕ್ಕುಬಂದಿ ಸಮೇತ ಓದಿದೀರಿ!" ಅಪ್ಪನ ಬಳಿ ಷರಾ ಇರಲಿಲ್ಲ.

ಸೋಮವಾರ 'ಹಾರ್ಟ್ ಲ್ಯಾಂಪ್' ಸರದಿ ಬಂತು. ರಾತ್ರಿ ಊಟ ಆದ ಮೇಲೆ ಅಪ್ಪ ಅಮ್ಮನನ್ನು ಸೋಫಾದ ಮೇಲೆ ಕೂರಿಸಿ, ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳತೊಡಗಿದರು. ಮರ್ಫಿ ಹದಿನೈದು ನಿಮಿಷ ಪೂರ್ತಿ ಎಚ್ಚರವಾಗಿತ್ತು. ಅಮ್ಮ ಎರಡನೆಯ ಪುಟಕ್ಕೇ ಗೊರಕೆ ಹೊಡೆದಳು. ಅಪ್ಪ ನಿಲ್ಲಿಸಲಿಲ್ಲ, ಕಥೆ ಮುಗಿಸಿಯೇ ದೀಪ ಆರಿಸಿದರು.

ಪುಸ್ತಕ ತಡವಾದರೆ ದಂಡವೆಷ್ಟು ಎಂದು ಅಪ್ಪ ಮಂಗಳವಾರ ಕೇಳಿದರು. ಪಕ್ಕದ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 2021ರಲ್ಲಿಯೇ ತಡವಾದರೆ ಹಾಕುತ್ತಿದ್ದ ದಂಡವನ್ನು ತೆಗೆದುಹಾಕಿದೆ, ಇಲ್ಲಿಯೂ ಇಲ್ಲ ಎಂದೆ. "ದಂಡವೇ ಇಲ್ಲದೆ ಒಂದು ಇಲಾಖೆ ಹೇಗಮ್ಮ ನಡೆಯುತ್ತೆ?" ಎಂದು ಅಂದಿನಿಂದ ಚಿಂತೆಯಲ್ಲಿದ್ದಾರೆ.

ಮುಂದಿನ ತಿಂಗಳ ಮರ್ಫಿಯ ಸರದಿಗೆ ಒಂದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಹೆಸರು ಬರೆದುಕೊಳ್ಳುತ್ತಾರೆ. ಮೊಮ್ಮಗ ಓದುವಾಗ ತಾತ ಜೊತೆಗೆ ಕೂರಬಹುದು ಎಂದು ಲೈಬ್ರರಿಯಾಕೆ ಅನುಮತಿ ಕೊಟ್ಟಿದ್ದಾಳೆ. ಹತ್ತು ನಿಮಿಷ 'ಡಾಗ್ ಮ್ಯಾನ್', ಐದು ನಿಮಿಷ ತಾತನಿಗೆ ಎಂದು ನಾನು ಸಂಧಾನ ಮಾಡುತ್ತಿದ್ದೇನೆ. ಆದ್ದರಿಂದ ನಮ್ಮೂರ ಕನ್ನಡ ಕೂಟದವರಲ್ಲಿ ಒಂದು ವಿನಂತಿ: ನಿಮ್ಮ ಅಪ್ಪ-ಅಮ್ಮಂದಿರೂ ಬಂದಿದ್ದರೆ ಯೋಗಕ್ಕೆ ಕಳಿಸಿ, ಹೊಲಿಗೆಗೆ ಕಳಿಸಿ, ದಯವಿಟ್ಟು ಶನಿವಾರ ಹನ್ನೊಂದೂವರೆಯ ನಾಯಿಯ ಸರದಿಗೆ ಮಾತ್ರ ಕೈ ಹಾಕಬೇಡಿ. ಷೆಡ್ಯೂಲು 'ಬಿ' ಇನ್ನೂ ಬಾಕಿ ಇದೆ.