ಶಬ್ದಕ್ಕೊಂದು ಶಬ್ದ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೆ ಇಂಗ್ಲಿಷ್ ಪಂಡಿತನೆಂಬ ಬಿರುದು ಬಂದದ್ದು ಕೆಟ್ಟು ನಿಂತ ಲಿಫ್ಟಿನ ದೆಸೆಯಿಂದ. ಸಂಘದ ಪರವಾಗಿ ಲಿಫ್ಟಿನವರಿಗೆ 'ಫೋರ್ತ್‌ವಿತ್' ಎಂಬ ಪದ ಎರಡೆರಡು ಸಲ ಬರುವಂಥ ಒಂದು ಕಾಗದ ಬರೆದೆ. ಮರುದಿನ ಲಿಫ್ಟ್ ಓಡಿತು. ಕೆಟ್ಟಿದ್ದು ಬರೀ ಫ್ಯೂಸು, ಅದನ್ನು ಹಾಕಿದ್ದು ನಮ್ಮ ವಾಚ್‌ಮನ್, ಕಾಗದ ಇನ್ನೂ ನನ್ನ ಜೇಬಿನಲ್ಲೇ ಇತ್ತು ಎಂಬುದನ್ನೆಲ್ಲ ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಟ ನನಗಿಲ್ಲ.

ಹೀಗಿರುವಾಗ ಮೇಲಿನ ಮನೆಯ ರಾಯರು ಊರಿನಿಂದ ತಾಯಿಯನ್ನು ಕರೆತಂದರು. ತಾಯಿಯ ಜೊತೆ ತೂಗುಮಂಚವೂ ಬಂತು. ಅಜ್ಜಿಗೆ ನಿದ್ದೆ ಕಮ್ಮಿ. ರಾತ್ರಿ ಹನ್ನೊಂದಾಯಿತೆಂದರೆ ಸರಿಯಾಗಿ ನನ್ನ ತಲೆಯ ಮೇಲೆ 'ಕಿರ್ರ್' ಎಂದು ಹೋಗಿ 'ಕುಂಯ್' ಎಂದು ವಾಪಸು ಬರುತ್ತಿತ್ತು.

"ಮೇಲೆ ಹೋಗಿ, ಕೊಂಡಿಗೆ ಎರಡು ಹನಿ ಎಣ್ಣೆ ಬಿಡಿ ಅಂತ ಹೇಳಬಾರದೇನ್ರಿ?" ಎಂದಳು ಮನೆಯಾಕೆ.

"ಹೇಳಬಹುದು. ಆದರೆ ಬಾಯಿಮಾತಿಗೆ ದಾಖಲೆ ಇರೋದಿಲ್ಲ."

"ಎಣ್ಣೆ ಬಿಡೋದಕ್ಕೆ ದಾಖಲೆ ಯಾಕೆ?"

ಇಂಥ ಪ್ರಶ್ನೆಗಳಿಗೆ ಉತ್ತರಿಸಿದರೆ ಪಂಡಿತಿಕೆ ಉಳಿಯುವುದಿಲ್ಲ. ಅಟ್ಟದ ಮೇಲಿದ್ದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಇಳಿಸಿ ಧೂಳು ಕೊಡವಿದೆ.

ಬರೀ 'ನೋಯ್ಸ್' ಎಂದು ಬರೆಯಲು ನನಗೆ ಮನಸ್ಸಿರಲಿಲ್ಲ. ಅದು ಹೈಸ್ಕೂಲ್ ಮೇಷ್ಟರು ಕ್ಲಾಸಿನಲ್ಲಿ ಕೂಗುತ್ತಿದ್ದ ಮಾತು. ಅದರ ಬೇರು ಲ್ಯಾಟಿನ್ನಿನ 'ನಾಸಿಯಾ' ಎಂಬಲ್ಲಿದೆ, ಅಂದರೆ ಹಡಗಿನಲ್ಲಿ ಹೊಟ್ಟೆ ತೊಳಸುತ್ತದಲ್ಲ ಅದು, ಎನ್ನುವ ವಿದ್ವಾಂಸರಿದ್ದಾರೆ. ಹಡಗಿಗೆ ಹೋಲಿಸಿದರೆ ತೂಗುಮಂಚದ ಓಲಾಟ ಎಷ್ಟರದು? 'ಪ್ಯಾಂಡಿಮೋನಿಯಂ' ಗಂಭೀರವಾಗಿತ್ತು. ಆದರೆ ಅದು 1667ರಲ್ಲಿ ಮಿಲ್ಟನ್ 'ಪ್ಯಾರಡೈಸ್ ಲಾಸ್ಟ್' ಕಾವ್ಯದಲ್ಲಿ ನರಕದ ರಾಜಧಾನಿಗೆ ಕಟ್ಟಿದ ಹೆಸರು, ಸಕಲ ದೆವ್ವಗಳ ನಿವಾಸ. ಮಡಿಸೀರೆಯ ಅಜ್ಜಿಗೆ ಅದು ಸ್ವಲ್ಪ ಜಾಸ್ತಿಯಾಯಿತು. 'ಬೆಡ್ಲಮ್' ಎಂಬುದು ಲಂಡನ್ನಿನ ಬೆತ್ಲೆಹೆಮ್ ಆಸ್ಪತ್ರೆಯ ಹೆಸರು ಜನರ ಬಾಯಲ್ಲಿ ಸವೆದು ಆದದ್ದು. 1247ರಲ್ಲಿ ಮಠವಾಗಿ ಶುರುವಾಗಿ ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾದ ಜಾಗ. ರಾಯರ ಮನೆಯನ್ನು ಹಾಗೆಂದರೆ ಮಾನನಷ್ಟದ ಕೇಸು ಗ್ಯಾರಂಟಿ. ಕೊನೆಗೆ ಉಳಿದದ್ದು 'ಕಾಕೋಫೋನಿ'. ಇದು ನಮ್ಮ ಸಂಸ್ಕೃತದ ಕಾಕದಿಂದ ಬಂದದ್ದು, ಕಾಗೆಯ ಕೂಗು ಅಂತ ಅರ್ಥ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಸಾರಿದೆ. ಹದಿನೈದು ಜನ ಕೈಮುಗಿದರು. ಹಿಂದೆಯೇ ಎದುರು ಬ್ಲಾಕಿನ ಒಂಬತ್ತನೇ ಕ್ಲಾಸಿನ ಹುಡುಗಿ ಬಂದಳು: "ಅಂಕಲ್, ಅದು ಗ್ರೀಕಿನ ಕಕೋಸ್. ಕೆಟ್ಟದ್ದು ಅಂತ. ಮತ್ತೆ ಹೇಳೋದು ಕಾಕೋಫೋನಿ ಅಲ್ಲ, ಕಕಾಫನಿ." ಕೈಮುಗಿದವರೆಲ್ಲ ಅವಳಿಗೂ ಮುಗಿದರು.

ನಿಜ ಹೇಳಬೇಕೆಂದರೆ ಸರಿಯಾದ ಪದ ನನಗೆ ಗೊತ್ತಿತ್ತು. ಇಂಗ್ಲಿಷಿನವರು ಸದ್ದುಗಳನ್ನು ಕುಲಗೋತ್ರ ನೋಡಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ್ದಾರೆ. 'ಬ್ಲೇರ್' ಆಗಬೇಕಾದರೆ ಹಾರ್ನೋ ಮೈಕೋ ಬೇಕು. 'ಕ್ಲಾಟರ್' ಆಗಬೇಕಾದರೆ ಪಾತ್ರೆ ಬೀಳಬೇಕು. 'ಸ್ಕ್ರೀಚ್' ಬ್ರೇಕಿನದು, 'ಸ್ಕ್ವೀಕ್' ಇಲಿಯದು, ಹೊಸ ಬೂಟಿನದು. ತೂಗುಮಂಚದ್ದು ಅಪ್ಪಟ 'ಕ್ರೀಕ್'. ಆದರೆ ಕ್ರೀಕ್ ಎಂದು ಬರೆದ ದೂರಿಗೆ ಯಾವ ಅಧಿಕಾರಿ ಕುರ್ಚಿ ಬಿಟ್ಟು ಏಳುತ್ತಾನೆ?

ಹಾಗಾಗಿ 'ಡಿನ್' ಹಿಡಿದೆ. ಬಿಡದೆ ಕಿವಿ ಬಡಿಯುವ ಸದ್ದು, ಮೂರೇ ಅಕ್ಷರ. 'ಮೇಲಿನಿಂದ ಬರುವ ಡಿನ್ ಅಸಹನೀಯ' ಎಂದು ಇಂಗ್ಲಿಷಿನಲ್ಲಿ ಗ್ರೂಪಿಗೆ ಹಾಕಿ ಮಲಗಿದೆ. ನನ್ನ ಫೋನು ಡಿನ್ ಎಂಬುದನ್ನು ಅರ್ಧಕ್ಕೇ ನಿಂತ ಮಾತೆಂದು ತಿಳಿದು 'ಡಿನ್ನರ್' ಎಂದು ಪೂರ್ತಿ ಮಾಡಿ ಕಳಿಸಿತ್ತು. ಹಿಂದಿನ ರಾತ್ರಿಯಷ್ಟೇ ರಾಯರ ಮನೆಯಿಂದ ಒಬ್ಬಟ್ಟಿನ ಊಟ ಬಂದಿತ್ತು. ಬೆಳಿಗ್ಗೆ ರಾಯರು ಲಿಫ್ಟಿನಲ್ಲಿ ನನಗೆ ಬೆನ್ನು ಮಾಡಿ ನಿಂತರು. ಮನೆಯಾಕೆ ಅವರ ಡಬ್ಬಿಯನ್ನು ಖಾಲಿಯೇ ವಾಪಸು ಕೊಡಬೇಕೋ ತುಂಬಿ ಕೊಡಬೇಕೋ ಎಂದು ನನ್ನನ್ನೇ ಕೇಳಿದಳು, ಕೇಳಿದ ಧಾಟಿ ಮಾತ್ರ ಬೇರೆ.

ಪದಗಳು ಕೈಕೊಟ್ಟವು ಎಂದು ಕಾನೂನಿನ ಮೊರೆ ಹೋದೆ. ಅಲ್ಲಿ ಸದ್ದನ್ನು ಬಣ್ಣಿಸುವ ಗೋಜಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು. ನನಗೆ ಬಹಳ ಹಿಡಿಸಿದ ಲೆಕ್ಕ ಇದು. ಫೋನಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ನಡುರಾತ್ರಿ ಸ್ಟೂಲ್ ಹತ್ತಿ ಸೂರಿಗೆ ಹಿಡಿದೆ. ತೂಗುಮಂಚ 38 ಎಂದಿತು. ಇನ್ನಷ್ಟು ಹತ್ತಿರ ಹಿಡಿಯೋಣವೆಂದು ತುದಿಗಾಲಲ್ಲಿ ನಿಂತಾಗ ಸ್ಟೂಲ್ ವಾಲಿ, "ಅಯ್ಯಯ್ಯೋ" ಎಂದೆ. ಆ್ಯಪು 84 ತೋರಿಸಿತು. ಆ ರಾತ್ರಿ ನಿಯಮ ಮುರಿದವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಆ್ಯಪನ್ನು ತೆಗೆದುಹಾಕಿದೆ.

ಮತ್ತೆ ಪದಕ್ಕೇ ಬಂದೆ. ಈ ಸಲ ಸಿಕ್ಕಿದ್ದು 'ರ‍್ಯಾಕೆಟ್'. ಕರ್ಕಶ ಗದ್ದಲ ಎಂದು ನಿಘಂಟು ಸ್ಪಷ್ಟವಾಗಿ ಹೇಳುತ್ತಿತ್ತು. 'ಮೇಕ್' ಎಂದರೆ ಮಕ್ಕಳ ಇಂಗ್ಲಿಷಾಯಿತೆಂದು 'ರನ್' ಸೇರಿಸಿ, 'ನನ್ನ ಮೇಲಿನ ಫ್ಲಾಟಿನಿಂದ ರಾತ್ರಿಯಿಡೀ ಒಂದು ರ‍್ಯಾಕೆಟ್ ನಡೆಯುತ್ತಿದೆ' ಎಂದು ತೂಕದ ಇಂಗ್ಲಿಷಿನಲ್ಲಿ ಬರೆದು, ಸಂಘಕ್ಕೊಂದು ಪ್ರತಿ, ಪೊಲೀಸ್ ಠಾಣೆಗೊಂದು ಪ್ರತಿ ಕೊಟ್ಟೆ.

ಅಧಿಕಾರಿಗಳು ಎದ್ದು ಬಂದರು. ಮಫ್ತಿಯಲ್ಲಿ ಬಂದರು. ಊರಲ್ಲೆಲ್ಲ ಕ್ರಿಕೆಟ್ ಬೆಟ್ಟಿಂಗಿನ ಕಾಲ. ಸೀದಾ ರಾಯರ ಮನೆಗೆ ಹೋಗಿ, "ರಾತ್ರಿ ಹೊತ್ತು ಏನಮ್ಮ ನಡೆಸ್ತೀರಿ ಇಲ್ಲಿ?" ಎಂದು ಅಜ್ಜಿಯನ್ನು ಕೇಳಿದರು. "ಜಪ ಕಣಪ್ಪ. ಲೆಕ್ಕ ತಪ್ಪಬಾರದು ಅಂತ ಬರೆದಿಡ್ತೀನಿ" ಎಂದು ಅಜ್ಜಿ ತಲೆದಿಂಬಿನಡಿಯಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಪುಟದ ತುಂಬ 1008, 1008, 2016, ಅಲ್ಲಲ್ಲಿ ಅಡ್ಡಗೆರೆ, ಪಕ್ಕದಲ್ಲಿ 'ರಾ' ಎಂದೊಂದು ಅಕ್ಷರ. ಮಟ್ಕಾ ಚೀಟಿ ನೋಡಿ ಪಳಗಿದ ಕಣ್ಣಿಗೆ ಇನ್ನೇನು ಬೇಕು? "ಈ ರಾ ಯಾರು?" ಎಂದರಂತೆ. "ಶ್ರೀರಾಮಚಂದ್ರ" ಎಂದರಂತೆ ಅಜ್ಜಿ. "ಅವನೆಲ್ಲಿರ್ತಾನೆ?" "ಎಲ್ಲಾ ಕಡೇನೂ ಇರ್ತಾನೆ."

ಇಷ್ಟು ದೊಡ್ಡ ಜಾಲವೇ ಎಂದು ಒಂದು ಕ್ಷಣ ಅವರ ಎದೆ ಹಾರಿತಂತೆ. ವಿಷಯ ತಿಳಿಯಾದ ಮೇಲೆ ಅವರಲ್ಲಿ ಹಿರಿಯ ಪೇದೆ ಕೆಳಗಿಳಿದು ನಮ್ಮ ಬೆಲ್ ಒತ್ತಿದರು.

"ರ‍್ಯಾಕೆಟ್ ಅಂತ ಬರೆದೋರು ತಾವೇನಾ ಸಾರ್?"

ರ‍್ಯಾಕೆಟ್ಟಿಗೆ ಟೆನಿಸ್ ಆಡುವ ಬ್ಯಾಟು, ಕಳ್ಳದಂಧೆ, ಗದ್ದಲ ಎಂದು ಮೂರು ಅರ್ಥಗಳಿವೆ, ನಾನು ಬಳಸಿದ್ದು ಮೂರನೆಯದು ಎಂದು ನಿಘಂಟು ತೆರೆದು ತೋರಿಸಿದೆ.

"ಸ್ಟೇಷನ್ನಿಗೆ ಬರೋದು ಒಂದೇ ಅರ್ಥ ಸಾರ್," ಎಂದರು ಪೇದೆ. "ಕನ್ನಡದಲ್ಲಿ ಬರೆದುಕೊಡಿ, ಮುಗಿಸಿಬಿಡೋಣ."

ಅಬ್ಬಾ ಎನಿಸಿತು. ನನ್ನದೇ ನುಡಿಯಲ್ಲಿ ನನಗೇನು ಭಯ? 'ಮೇಲಿನ ಮನೆಯಲ್ಲಿ ದಿನಾ ರಾತ್ರಿ ಗಲಾಟೆ' ಎಂದು ಬರೆದುಕೊಟ್ಟೆ. ಪೇದೆ ಓದಿ ಪೆನ್ನು ಕೆಳಗಿಟ್ಟರು.

"ಗಲಾಟೆ ಅಂದ್ರೆ ಎರಡು ಪಾರ್ಟಿ ಬೇಕು ಸಾರ್. ಯಾರ್ಯಾರು ಬಡಿದಾಡಿಕೊಂಡರು? ತಮಗೇನಾದ್ರೂ ಏಟು ಬಿದ್ದಿದೆಯಾ?"

"ಇನ್ನೂ ಇಲ್ಲ," ಎಂದು ಅಡುಗೆಮನೆಯಿಂದ ಉತ್ತರ ಬಂತು.

ಪೇದೆ ಕಾಫಿ ಕುಡಿದು ಮೇಲೆ ಹೋಗಿ, ಅಜ್ಜಿಯ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ನಾಲ್ಕು ಕೊಂಡಿಗೂ ಬಿಟ್ಟು ಹೋದರು.

ರಾಯರಿಗೆ ಕ್ಷಮಾಪಣೆ ಪತ್ರ ಕೊಡಬೇಕೆಂದು ಸಂಘ ತೀರ್ಮಾನಿಸಿತು. ಕನ್ನಡದಲ್ಲೂ ಸೋತವನು ಮತ್ತೆ ಇಂಗ್ಲಿಷಿನಲ್ಲೇ ಬರೆದೆ. ಇಲ್ಲಿ ನನಗೊಂದು ಅಪರೂಪದ ಪದ ಹೊಳೆಯಿತು: 'ರೌ', ಹಸುವಿನ 'ಕೌ' ಜೊತೆ ಪ್ರಾಸವಾಗುವಂಥದ್ದು. ಜಗಳವೂ ಹೌದು, ಗದ್ದಲವೂ ಹೌದು, ಒಂದೇ ಏಟಿಗೆ ಎರಡಕ್ಕೂ ಮಂಗಳ. 'ಈ ರೌನಿಂದ ನಾನು ಸಂತೋಷವಾಗಿ ಹಿಂದೆ ಸರಿಯುತ್ತಿದ್ದೇನೆ' ಎಂಬರ್ಥದ ಒಂದೇ ಸಾಲು ಬರೆದು ಸಹಿ ಹಾಕಿದೆ.

ಸಂಜೆ ರಾಯರು ಪಾರ್ಕಿಂಗಿನಲ್ಲಿ ಸಿಕ್ಕು ನನ್ನ ಎರಡೂ ಕೈ ಹಿಡಿದುಕೊಂಡರು. ಕಾಗದದ ಆ ಮೂರಕ್ಷರದ ಮೇಲೆ ಬೆರಳಿಟ್ಟು, "ಈ ರೋ ಬಿಟ್ಟುಕೊಡ್ತೀರಿ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ ಸ್ವಾಮಿ. ಗೇಟಿಗೆ ಹತ್ತಿರದ ಜಾಗ! ನಮ್ಮ ಅಳಿಯಂದಿರ ಗಾಡಿಗೆ ಎಷ್ಟು ಒದ್ದಾಡ್ತಿದ್ವಿ," ಎಂದರು. ಅಳಿಯ ಆಗಲೇ ಗಾಡಿಯನ್ನು ನನ್ನ ಜಾಗಕ್ಕೆ ಹಿಂದಕ್ಕೆ ಬಿಡುತ್ತಿದ್ದ. ಅದಕ್ಕೆ ರಿವರ್ಸ್ ಹಾಕಿದರೆ ಪೀಪಿ ಊದಿದ ಹಾಗೆ ಒಂದು ಸಿನಿಮಾ ಹಾಡು ಬರುತ್ತದೆ. ಅವನ ಕೆಲಸ ರಾತ್ರಿ ಪಾಳಿಯದಂತೆ.